ಲೋಡ್ ಎಣಿಸಬೇಡಿ, ಟೇಪ್ ಹಿಡೀರಿ!

ನಮಸ್ಕಾರ. ಮನೆ ಪಾಯ ತುಂಬೋಕೆ ತರಿಸೋ ಮಣ್ಣಿನ ಬಗ್ಗೆ ಹೋದ ವಿಡಿಯೋ ಮಾಡಿದ್ದೆ. ಅದರ ಕೆಳಗೆ ಒಬ್ರು ಬರೆದಿದಾರೆ: "ಹತ್ತು ಲೋಡ್ ಅಂದ್ರೆ ಹತ್ತು ಲೋಡ್, ಮಣ್ಣಿನ ಬಗ್ಗೆ ಅಷ್ಟು ಹೊತ್ತು ಮಾತಾಡೋಕೆ ಏನಿದೆ?" ಇದೆ ಸ್ವಾಮಿ, ಬೇಕಾದಷ್ಟಿದೆ. ಲೋಡ್ ಅನ್ನೋದು ಅಳತೆನೇ ಅಲ್ಲ!

ನೆಲದಲ್ಲಿ ಗಟ್ಟಿಯಾಗಿ ಕೂತಿರೋ 100 ಘನ ಮೀಟರ್ ಮಣ್ಣನ್ನ ಅಗೆದು ಮೇಲೆ ಹಾಕಿ. ಸಾಧಾರಣ ಮಣ್ಣಾದ್ರೆ ಅದೇ ಸುಮಾರು 125 ಆಗುತ್ತೆ. ಮಣ್ಣು ಹೆಚ್ಚಾಗಲಿಲ್ಲ, ಸಂದಿಯಲ್ಲಿ ಗಾಳಿ ಸೇರ್ಕೊಂಡ್ತು. ಜೇಡಿಯಾದ್ರೆ ಇನ್ನೂ ಉಬ್ಬುತ್ತೆ. ಅದನ್ನೇ ಪಾಯದೊಳಗೆ ಸುರಿದು, ನೀರು ಹಾಕಿ, ದಿಮ್ಮಸು (ಮಣ್ಣು ಬಡಿದು ಗಟ್ಟಿ ಮಾಡೋ ಭಾರದ ಸಾಧನ) ಹೊಡೆದ್ರೆ 90ರ ಆಸುಪಾಸಿಗೆ ಇಳಿಯುತ್ತೆ. ಅಗೆಯೋನ ಲೆಕ್ಕ 100, ಸಾಗಿಸೋನ ಲೆಕ್ಕ 125, ನಿಮ್ಮ ಪಾಯದಲ್ಲಿ ಉಳಿಯೋದು 90. ಮೂರೂ ನಿಜ! ದುಡ್ಡು ಯಾವುದಕ್ಕೆ ಅಂತ ಮೊದಲೇ ಮಾತಾಡಿದ್ರಾ? ಇಲ್ಲ. ಲೋಡಿಗೆ ಇಷ್ಟು ಅಂದ್ರು, ಹ್ಞೂಂ ಅಂದ್ರಿ.

"ಗೊತ್ತಿರೋರು, ಮೋಸ ಮಾಡಲ್ಲ" ಅಂತೀರಿ. ಗೊತ್ತಿರೋರ ಮಣ್ಣು ಕುಸಿಯಲ್ವಾ?

ನನ್ನ ಮನೆಗೆ ಮಣ್ಣು ಬಂದ ದಿನ ನಾನೇ ಟಿಪ್ಪರ್ ಹತ್ತಿದೆ. ಕ್ಯಾಬಿನ್ ಕಡೆ ಗುಡ್ಡೆ, ಹಿಂದಿನ ಬಾಗಿಲ ಹತ್ರ ಒಂದು ಗೇಣು ಖಾಲಿ. ಕೆಳಗೆ ನಿಂತವರ ಕಣ್ಣಿಗೆ ಗಾಡಿ ಭರ್ತಿ. ಕೈ ಹಾಕಿದೆ, ಬೇರು, ಗಾರೆ ಚೂರು, ಪ್ಲಾಸ್ಟಿಕ್ ಚೀಲ. ಆ ಬೇರು ನಾಳೆ ಕೊಳೆಯುತ್ತೆ, ಆ ಜಾಗ ಟೊಳ್ಳಾಗುತ್ತೆ. ಗಾಡಿ ವಾಪಸ್ ಕಳಿಸಿದೆ. ಕಳಿಸೋಕೆ ನಿಮಗೂ ಹಕ್ಕಿದೆ, ಸುರಿಯೋ ಮುಂಚೆ!

"ಒಂದು ಮಳೆಗಾಲ ಬಿಟ್ರೆ ತಾನಾಗೇ ಕೂರುತ್ತೆ" ಅನ್ನೋ ಪಂಡಿತರೂ ಇದಾರೆ. ಮೇಲೆ ಹಾಕಿದ ನೆಲಹಾಸನ್ನೂ ಎಳ್ಕೊಂಡು ಕೂರುತ್ತೆ. ಹದವಾದ ತೇವ ಇದ್ದಾಗ ಮಾತ್ರ ಮಣ್ಣು ಅತಿ ಗಟ್ಟಿಯಾಗುತ್ತೆ ಅಂತ ಪ್ರಾಕ್ಟರ್ ಅನ್ನೋ ಎಂಜಿನಿಯರ್ 1933ರಲ್ಲೇ ತೋರಿಸಿದಾರೆ. 20 ಸೆಂಟಿಮೀಟರ್ ಮೀರದ ಹಾಗೆ ಪದರ ಹಾಕಿ, ತೇವ ಮಾಡಿ, ಹೊಡೀರಿ. ಆಮೇಲೆ ಇನ್ನೊಂದು ಪದರ. ಒಂದೇ ಸಲ ತುಂಬಿಸಿಬಿಟ್ರೆ ಮೇಲ್ಮೈ ಗಟ್ಟಿ, ಒಳಗೆ ಪೊಳ್ಳು.

ಅದಕ್ಕೇ ಮತ್ತೆ ಹೇಳ್ತೀನಿ, ಲೋಡ್ ಎಣಿಸಬೇಡಿ! ಗಾಡಿ ಅಳೀರಿ, ಗುಂಡಿ ಅಳೀರಿ, ಹೊಡೆದ ಮೇಲೆ ಇನ್ನೊಂದು ಸಲ ಅಳೀರಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಪಾಯ ತೆಗೆದ ಮಣ್ಣು ಮಾರೋದು ಹೇಗೆ ಅಂತ ಮುಂದಿನ ವಾರ ಹೇಳ್ತೀನಿ, ಅಲ್ಲೂ ಇದೇ ಟೇಪು. ಆ ಕಾಮೆಂಟ್ ಹಾಕಿದೋರೇ, ನಿಮ್ಮ ಹತ್ತು ಲೋಡಿನ ಉದ್ದ, ಅಗಲ, ಎತ್ತರ ಬರೀರಿ. ಆಮೇಲೆ ಮಾತಾಡೋಣ.