ಕಾಂಗೋ ನವಿಲಿನ ಕತೆ, ನಡುವೆ ಒಂದು ಕೋತಿ

ನಮಸ್ಕಾರ. ಇದು ನಮ್ಮ ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು. ಹತ್ತಿದ್ದನ್ನೆಲ್ಲ ನೀವೇ ನೋಡುತ್ತಿದ್ದೀರಿ, ಏದುಸಿರು ಮಾತ್ರ ಕತ್ತರಿಸಿದ್ದೇನೆ. ಅಗೋ, ಪೊದೆ ಪಕ್ಕ ನಮ್ಮ ನವಿಲು. ಇವತ್ತಿನ ಮಾತು ಅದರ ದಾಯಾದಿಯದು, ಕಾಂಗೋ ನವಿಲು. ಆಫ್ರಿಕಾದ ಕಾಂಗೋ ಮಳೆಕಾಡು ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಇಲ್ಲ.

ಫೋಟೋ ಹಾಕಿದ್ದೇನೆ ನೋಡಿ. ಸಪ್ಪೆ, ಅಲ್ವಾ? ಉದ್ದ ಗರಿಯೇ ಇಲ್ಲ. ಗಂಡು 70 ಸೆಂಟಿಮೀಟರ್ ಆಸುಪಾಸು, ದೊಡ್ಡ ಹುಂಜದ ಹಾಗೆ. ಕಡುನೀಲಿ ಮೈ, ಕತ್ತಿನಲ್ಲಿ ಕೆಂಪು ಚರ್ಮ, ನೆತ್ತಿಯಲ್ಲಿ ನೆಟ್ಟಗೆ ನಿಂತ ಬಿಳಿ ಜುಟ್ಟು. ಹೆಣ್ಣು ಕಂದು, ಬೆನ್ನು ಮಾತ್ರ ಮಿರಮಿರ ಹಸಿರು.

ಅಯ್ಯೋ, ಇಲ್ಲಿ ಬಂತು ನೋಡಿ ಕೋತಿ! ಗಾಳಿಯ ಸದ್ದು ತಡೆಯಲು ಮೈಕಿಗೆ ಹಾಕಿದ್ದ ತುಪ್ಪಳದ ಟೋಪಿ ಕಿತ್ತುಕೊಂಡು ಓಡಿತು. 350 ರೂಪಾಯಿ, ಒಂದು ಹಿಡಿ ನೈಲಾನ್ ಕೂದಲಿಗೆ! ಆ ದುಡ್ಡಿಗೆ ನಮ್ಮ ಬೀದಿಯಲ್ಲಿ ಮನೆಮಂದಿಗೆಲ್ಲ ಮಸಾಲೆ ದೋಸೆ ಬರುತ್ತದೆ. ಕೊಳ್ಳುವಾಗಲೇ ಹೊಟ್ಟೆ ಉರಿದಿತ್ತು. ಈ ಕೋತಿಯೋ, ಕೂದಲು ಬಿಡಿಸಿ ಬಿಡಿಸಿ ಹೇನು ಹುಡುಕುತ್ತಿದೆ. ಉಗುರಲ್ಲಿ ಏನೋ ಹೆಕ್ಕಿ ಬಾಯಿಗೂ ಹಾಕಿಕೊಂಡಿತು. ಹೊಚ್ಚ ಹೊಸ ಮಾಲು ಸ್ವಾಮಿ, ಏನು ಸಿಕ್ಕಿತೋ! ಕಡಲೆಕಾಯಿ ಮಾರುವ ಅಜ್ಜಿ, "ಸುಮ್ನಿರಪ್ಪ, ಬೇಜಾರಾದ್ರೆ ಬಿಸಾಕ್ತದೆ" ಎಂದರು. ಬಿಸಾಕಲಿಲ್ಲ. ರೆಕಾರ್ಡಿಂಗ್ ತುಂಬಾ ಬರೀ ಗಾಳಿ. ಅದಕ್ಕೇ ಈಗ ಮನೆಯಲ್ಲಿ ಕೂತು ಮಾತು ಸೇರಿಸುತ್ತಿದ್ದೇನೆ.

ಹಾಂ, ನವಿಲು. 1913ರಲ್ಲಿ ಜೇಮ್ಸ್ ಚಾಪಿನ್ ಎಂಬ ಅಮೆರಿಕದ ಪಕ್ಷಿತಜ್ಞರು ಕಾಂಗೋದಲ್ಲಿ ಒಬ್ಬರ ಟೋಪಿಯಲ್ಲಿ ಒಂದು ಗರಿ ಕಂಡರು. ಯಾವ ಹಕ್ಕಿಯದೋ ತಿಳಿಯಲಿಲ್ಲ. ಗರಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. 1936ರಲ್ಲಿ ಬೆಲ್ಜಿಯಂನ ಮ್ಯೂಸಿಯಂನಲ್ಲಿ ಹುಲ್ಲು ತುಂಬಿಟ್ಟ ಎರಡು ಹಕ್ಕಿ ಕಣ್ಣಿಗೆ ಬಿದ್ದವು. ಚೀಟಿಯಲ್ಲಿ ಇದ್ದದ್ದು ನಮ್ಮ ನವಿಲಿನ ಹೆಸರು! ಗರಿ ತಾಳೆಯಾಯಿತು. ಅದೇ ವರ್ಷ ಹೊಸ ಹಕ್ಕಿ ಎಂದು ಹೆಸರಿಟ್ಟರು.

ಸಪ್ಪೆ ಅಂದೆನಲ್ಲ, ಆ ಮಾತು ವಾಪಸ್. ನಮ್ಮದು ಕುಣಿದು ಮೆರೆದು ನಡೆದುಬಿಡುತ್ತದೆ, ಮೊಟ್ಟೆ ಮರಿ ಎಲ್ಲ ಹೆಣ್ಣಿನ ತಲೆಗೆ. ಕಾಂಗೋದ್ದು ಒಂದೇ ಜೋಡಿಯ ಸಂಸಾರ. ಹೆಣ್ಣು ಎರಡರಿಂದ ನಾಲ್ಕು ಮೊಟ್ಟೆ ಇಟ್ಟು ಸುಮಾರು 26 ದಿನ ಕಾವು ಕೊಡುತ್ತದೆ, ಗಂಡು ಹತ್ತಿರದಲ್ಲೇ ಕಾವಲು. ಇದೆಲ್ಲ ಹೆಚ್ಚಾಗಿ ಮೃಗಾಲಯಗಳಲ್ಲಿ ನೋಡಿ ತಿಳಿದದ್ದು. ಕಾಡಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ನೆಲದ ಮೇಲೆ ಉದುರಿದ ಹಣ್ಣು, ಗೆದ್ದಲು ಹೆಕ್ಕುತ್ತದೆ. ಅದಕ್ಕೇ ಬೇಟೆಗಾರರ ಉರುಲಿಗೂ ಸಿಕ್ಕಿಬೀಳುತ್ತದೆ. ಕತ್ತಲಾದರೆ ಮರ ಹತ್ತಿ ಗಂಡು ಹೆಣ್ಣು ಜೊತೆಯಾಗಿ ಕೂಗುತ್ತವೆ. ಆ ದನಿ ಹಾಕಬೇಕೆಂದಿದ್ದೆ, ಕಾಪಿರೈಟ್ ತಲೆನೋವು ಬೇಡ ಅಂತ ಬಿಟ್ಟೆ. ನೀವೇ ಹುಡುಕಿ ಕೇಳಿ.

ಓ, ನಂದಿ ಬಂದೇಬಿಟ್ಟ. ಚಪ್ಪಲಿ ಬಿಡಬೇಕು, ಶಾಟ್ ಇಲ್ಲಿಗೇ ಕಟ್. ಬರ್ತೀನಿ!