ಮೊದಲ ಸಲ ರಕ್ತ ಕೊಡೋಕೆ ಹೊರಟಿದ್ದೀರಾ? ತಿಂಡಿ ತಿಂದು ಬನ್ನಿ

ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಬೆಳಗಿನ ಮೊದಲ ಬಸ್ಸು ಹತ್ತಿ, ಒಂದು ಲೋಟ ಕಾಫಿ ಮಾತ್ರ ಕುಡಿದು, ಸೀದಾ ಶಿವಮೊಗ್ಗದ ಬ್ಲಡ್ ಬ್ಯಾಂಕಿಗೆ ಬರೋರಿದ್ದಾರೆ. ಕೇಳಿದ್ರೆ, "ರಕ್ತದ ಕೆಲಸ ಅಲ್ವಾ, ಅದಕ್ಕೇ ಖಾಲಿ ಹೊಟ್ಟೇಲಿ ಬಂದೆ" ಅಂತಾರೆ. ಸಕ್ಕರೆ ಕಾಯಿಲೆ ಟೆಸ್ಟಿಗೆ ಆ ಲೆಕ್ಕ ಸರಿ, ರಕ್ತದಾನಕ್ಕೆ ಪೂರ್ತಿ ತಪ್ಪು. ರಕ್ತ ಕೊಡೋಕೆ ಮುಂಚಿನ ನಾಲ್ಕು ಗಂಟೆಯೊಳಗೆ ಏನಾದ್ರೂ ತಿಂದಿರಲೇಬೇಕು. ಕಡುಬು, ಇಡ್ಲಿ, ಅಕ್ಕಿ ರೊಟ್ಟಿ, ಯಾವುದಾದ್ರೂ ಆಗುತ್ತೆ. ಪೂರಿ, ಬೋಂಡ ಮಾತ್ರ ಬೇಡ. ಎಣ್ಣೆ ಜಾಸ್ತಿಯಾದ್ರೆ ರಕ್ತದ ಪ್ಲಾಸ್ಮಾ ಹಾಲಿನ ಹಾಗೆ ಬೆಳ್ಳಗಾಗುತ್ತೆ, ಟೆಸ್ಟು ಸರಿಯಾಗಿ ಬರಲ್ಲ, ಬ್ಯಾಗು ದಂಡ. ಸೂಜಿ ಹಾಕೋಕೆ ಅರ್ಧ ಗಂಟೆ ಮುಂಚೆ ಅರ್ಧ ಲೀಟರ್ ನೀರು ಕುಡೀರಿ. ತಲೆ ಸುತ್ತು ತಡೆಯೋಕೆ ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ. 45 ಇದ್ದೋರಿಂದ 350 ಎಂಎಲ್ ತಗೋತಾರೆ, 55 ದಾಟಿದ್ರೆ 450 ಎಂಎಲ್ ಕೂಡ ತಗೋಬಹುದು. ಗುರುತಿನ ಚೀಟಿ ತಗೊಂಡು ಹೋಗಿ.

ಆಮೇಲೆ ಒಂದು ಫಾರಂ ಕೊಡ್ತಾರೆ. ಅಲ್ಲಿ ನಾಚಿಕೆ ಬೇಡ, ಅವಸರಾನೂ ಬೇಡ. ಒಂದು ವರ್ಷದೊಳಗೆ ಹಚ್ಚೆ ಹಾಕಿಸಿದ್ದೀರಾ, ನಾಯಿ ಕಚ್ಚಿ ಇಂಜೆಕ್ಷನ್ ತಗೊಂಡಿದ್ದೀರಾ, ಡೆಂಗಿ ವಾಸಿಯಾಗಿ ಆರು ತಿಂಗಳಾಯ್ತಾ, ಮಲೇರಿಯಾ ವಾಸಿಯಾಗಿ ಮೂರು ತಿಂಗಳಾಯ್ತಾ, ಎಲ್ಲಾ ಹೇಳಿ. ಮೂರು ದಿನದೊಳಗೆ ಆಸ್ಪಿರಿನ್ ನುಂಗಿದ್ರೆ ಅದನ್ನೂ ಹೇಳಿ, ರಕ್ತ ಹೆಪ್ಪುಗಟ್ಟಿಸೋ ನಿಮ್ಮ ಪ್ಲೇಟ್‌ಲೆಟ್ ಕಣ ಕೆಲಸಕ್ಕೆ ಬರಲ್ಲ. ನಮ್ಮ ಕಡೆ ಇನ್ನೂ ಒಂದು ಮಾತು ಸೇರಿಸಬೇಕು. ಉಣುಗು ಕಚ್ಚಿ ಬರೋ ಮಂಗನ ಕಾಯಿಲೆಯನ್ನ 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬದ ಕ್ಯಾಸನೂರು ಕಾಡಲ್ಲಿ. ದರಗು (ಒಣ ಎಲೆ) ಗುಡಿಸೋಕೋ ಸೌದೆಗೋ ಕಾಡಿಗೆ ಹೋಗಿ ಉಣುಗು ಕಚ್ಚಿದ್ರೆ, ಆಮೇಲೆ ಮೈ ಬಿಸಿಯಾಗಿದ್ರೆ, ಫಾರಂನಲ್ಲಿ ಕೇಳದಿದ್ರೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಫಾರಂ ಆದ ಮೇಲೆ ಹಿಮೋಗ್ಲೋಬಿನ್ ನೋಡೋಕೆ ಒಂದು ನೀಲಿ ನೀರು ಇಟ್ಟಿರ್ತಾರೆ. ಅಡಿಕೆ ತೋಟ ಇರೋರಿಗೆ ಈ ಬಣ್ಣ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ಮಾಡೋವಾಗ ಸುಣ್ಣದ ಜೊತೆ ಸೇರಿಸ್ತಾರಲ್ಲ, ಅದೇ ಮೈಲುತುತ್ತ. ಇಲ್ಲಿ ಅದರ ಸಾಂದ್ರತೆ 1.053ಕ್ಕೆ ಸರಿಯಾಗಿ ಇಟ್ಟಿರ್ತಾರೆ. ಬೆರಳ ತುದಿ ಚುಚ್ಚಿ ಒಂದು ಹನಿ ಬಿಡ್ತಾರೆ. ಹನಿ ಹದಿನೈದು ಸೆಕೆಂಡಿನೊಳಗೆ ತಳಕ್ಕೆ ಹೋದ್ರೆ ಹಿಮೋಗ್ಲೋಬಿನ್ 100 ಎಂಎಲ್ ರಕ್ತಕ್ಕೆ 12.5 ಗ್ರಾಂ ಆದ್ರೂ ಇದೆ ಅಂತ ಲೆಕ್ಕ. ಮಧ್ಯದಲ್ಲೇ ತಡವರಿಸಿ ಮೇಲೆ ಬಂದ್ರೆ ಕಮ್ಮಿ. ಕೆಲವು ಕಡೆ ಇದೇ ಕೆಲಸ ಪುಟ್ಟ ಮೆಷಿನ್ನಲ್ಲಿ ಆಗುತ್ತೆ. ಗಂಡಸರಿಗೂ ಹೆಂಗಸರಿಗೂ ಗೆರೆ ಒಂದೇ, ಹಾಗಾಗಿ ಇಲ್ಲಿಂದ ವಾಪಸ್ ಹೋಗೋರಲ್ಲಿ ಹೆಂಗಸರೇ ಜಾಸ್ತಿ. ರಕ್ತ ಕೆಟ್ಟಿದೆ ಅಂತ ಇದರ ಅರ್ಥ ಅಲ್ಲ, ಕಬ್ಬಿಣ ಸಾಲದು ಅಂತ ಅಷ್ಟೇ. ಡಾಕ್ಟರನ್ನ ಕೇಳಿ ಮಾತ್ರೆ ತಗೊಳ್ಳಿ, ಊಟದ ಜೊತೆಗೇ ಟೀ ಕುಡಿಯೋದು ಬಿಡಿ. ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತದ ಹಾಗೆ ಟೀ ತಡೆಯುತ್ತೆ.

ಬಿಪಿ, ನಾಡಿ ನೋಡಿ ಮಲಗಿಸ್ತಾರೆ. ಮೊಣಕೈ ಒಳಬದಿಯಲ್ಲಿ ರಕ್ತನಾಳ ಹುಡುಕಿ ಸ್ಪಿರಿಟ್, ಅಯೋಡಿನ್ ಹಚ್ಚಿ ಒಣಗೋಕೆ ಬಿಡ್ತಾರೆ. ಆ ಜಾಗ ಮತ್ತೆ ಮುಟ್ಟಬೇಡಿ. ಸೂಜಿ 16 ಗೇಜಿನದು, ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ದಪ್ಪ. ಇಂಜೆಕ್ಷನ್ ಸೂಜಿಗಿಂತ ದಪ್ಪ ಅನ್ನೋದು ನಿಜ. ಸಣ್ಣದಾದ್ರೆ ರಕ್ತ ನಿಧಾನ ಹರಿದು ಪೈಪಲ್ಲೇ ಹೆಪ್ಪುಗಟ್ಟುತ್ತೆ. ನೋವು ಒಳಗೆ ಹೋಗೋ ಆ ಒಂದೆರಡು ಸೆಕೆಂಡು ಮಾತ್ರ. ಬೆರಳಿನ ಕಡೆ ಕರೆಂಟ್ ಹೊಡೆದ ಹಾಗಾದ್ರೆ ಹಲ್ಲುಕಚ್ಚಿ ಸುಮ್ಮನಿರಬೇಡಿ, ತಕ್ಷಣ ಹೇಳಿ. ಸೂಜಿ ಸಂವೇದನೆಯ ನರಕ್ಕೆ ತಾಗಿರಬಹುದು, ತೆಗೆದುಬಿಡ್ತಾರೆ.

ಬ್ಯಾಗು ಖಾಲಿ ಇರಲ್ಲ. 350 ಎಂಎಲ್ ಬ್ಯಾಗಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮೊದಲೇ 49 ಎಂಎಲ್ ದ್ರಾವಣ ಇರುತ್ತೆ. ಉಂಬಳ (ಜಿಗಣೆ) ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲದೆ ಸೋರೋದು ನೋಡಿರ್ತೀರಿ, ಅದರ ಎಂಜಲಿನ ಗುಣ ಅದು. ಬ್ಯಾಗಲ್ಲಿ ಆ ಕೆಲಸ ದ್ರಾವಣದಲ್ಲಿರೋ ಸಿಟ್ರೇಟ್ ಮಾಡುತ್ತೆ. ಕೆಳಗೆ ತೊಟ್ಟಿಲ ಹಾಗೆ ತೂಗ್ತಿರೋ ಯಂತ್ರ ಎರಡನ್ನೂ ಬೆರೆಸ್ತಾ, ತೂಕಾನೂ ನೋಡ್ತಾ ಇರುತ್ತೆ. ಅರ್ಧಕ್ಕೇ ಹರಿವು ನಿಂತ್ರೆ ದ್ರಾವಣದ ಅಳತೆ ತಪ್ಪಿ ಆ ಬ್ಯಾಗನ್ನ ಬಿಸಾಡಬೇಕಾಗಬಹುದು. ಮಳೆಗಾಲದಲ್ಲಿ ಕೈ ತಣ್ಣಗಾಗಿ ರಕ್ತನಾಳ ಕುಗ್ಗಿರುತ್ತೆ, ಬೆಚ್ಚಗೆ ಉಜ್ಜಿಕೊಂಡು ಹೋಗಿ. ಕೊಟ್ಟ ಚೆಂಡನ್ನ ಐದಾರು ಸೆಕೆಂಡಿಗೊಮ್ಮೆ ಅದುಮಿ. ಎಲ್ಲಾ ಸರಿಯಿದ್ರೆ ಐದರಿಂದ ಹತ್ತು ನಿಮಿಷ.

ಸೂಜಿ ತೆಗೆದ ಮೇಲೆ ಮೊಣಕೈ ಮಡಚೋದು ಎಲ್ಲರೂ ಮಾಡೋ ತಪ್ಪು. ಮಡಚಿದ್ರೆ ಹತ್ತಿ ಜಾರಿ, ಒಳಗೆ ರಕ್ತ ಸೋರಿ, ಮಾರನೇ ದಿನ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತೆ. ಕೈ ನೇರ ಮಾಡಿ, ಸ್ವಲ್ಪ ಮೇಲೆತ್ತಿ, ಐದು ನಿಮಿಷ ಒತ್ತಿ ಹಿಡೀರಿ. ಆದರೂ ನೀಲಿಗಟ್ಟಿದ್ರೆ ಮೊದಲ ದಿನ ಐಸು ಇಡಿ, ಮಾರನೇ ದಿನದಿಂದ ಬಿಸಿ ಶಾಖ.

ತಲೆ ಸುತ್ತೋದು ಮಲಗಿರುವಾಗಲೇ ಅಂತ ಏನಿಲ್ಲ. ಎದ್ದು ಬಾತ್‌ರೂಮಿಗೆ ಹೋದಾಗ, ಬಸ್ಸಲ್ಲಿ ಸೀಟು ಸಿಗದೆ ನಿಂತಾಗ ಆಗೋದೇ ಅಪಾಯ. ಆಕಳಿಕೆ, ತಣ್ಣನೆ ಬೆವರು, ಕಿವೀಲಿ ಗುಂಯ್ ಅನ್ನೋದು ಶುರುವಾದ್ರೆ ಮರ್ಯಾದೆ ಪ್ರಶ್ನೆ ಅಂದ್ಕೊಬೇಡಿ, ಇದ್ದಲ್ಲೇ ಮಲಗಿ ಕಾಲು ಎತ್ತರಕ್ಕಿಡಿ. ಹದಿನೈದು ನಿಮಿಷ ಕೂತು, ಕೊಟ್ಟ ಬಿಸ್ಕತ್ತು ತಿಂದು, ಮುರುಗಲು ಪಾನಕವೋ ಮಜ್ಜಿಗೆಯೋ ಕುಡಿದೇ ಏಳಿ. ಅವತ್ತು ಬೈಕಲ್ಲಿ ಆಗುಂಬೆ ಘಾಟಿ ಇಳಿಯೋದು ಬೇಡ. ಕೊನೆಕೊಯ್ಲಿನ ಕಾಲವಾದ್ರೆ ಅಡಿಕೆ ಮರ ಹತ್ತೋರು ಕೆಲಸಕ್ಕೆ ರಜೆ ಇರೋ ದಿನವೇ ಕೊಡಿ. ಮರದ ತುದೀಲಿ ಕಣ್ಣು ಕತ್ತಲೆ ಬಂದ್ರೆ ಹಿಡಿಯೋಕೆ ಯಾರೂ ಇರಲ್ಲ.

ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತೆ. ಕಬ್ಬಿಣ ಹಾಗಲ್ಲ. ಒಂದು ಬ್ಯಾಗಿನ ಜೊತೆ ಸುಮಾರು 150ರಿಂದ 200 ಮಿಲಿಗ್ರಾಂ ಹೋಗುತ್ತೆ, ದಿನದ ಊಟದಿಂದ ಮೈಗೆ ಹತ್ತೋದು ಒಂದೆರಡು ಮಿಲಿಗ್ರಾಂ. ಅದಕ್ಕೇ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ.

ನಿಮ್ಮ ಬ್ಯಾಗನ್ನ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷೆ ಮಾಡ್ತಾರೆ. ಆದ್ರೆ ಎಲ್ಲಾ ಜ್ವರಾನೂ ಆ ಪಟ್ಟೀಲಿಲ್ಲ. ಮನೆಗೆ ಹೋಗಿ ಎರಡು ಮೂರು ದಿನದಲ್ಲಿ ಜ್ವರ ಬಂತು, ಅಥವಾ ಫಾರಂನಲ್ಲಿ ಹೇಳೋದು ಏನೋ ಮರೆತಿದ್ದು ನೆನಪಾಯ್ತು ಅಂದ್ರೆ, ಅವತ್ತೇ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ. ಪ್ಲೇಟ್‌ಲೆಟ್ ಐದು ದಿನ ಮಾತ್ರ ಇಡ್ತಾರೆ, ಕೆಂಪು ರಕ್ತಕಣ ಫ್ರಿಜ್ಜಲ್ಲಿ 35 ದಿನದವರೆಗೂ ಇರಬಹುದು. ಹೆಸರು, ಕೊಟ್ಟ ತಾರೀಕು ಹೇಳಿದ್ರೆ ಸಾಕು, ಬ್ಯಾಗು ಇನ್ನೂ ಹೊರಗೆ ಹೋಗಿಲ್ಲ ಅಂದ್ರೆ ಪಕ್ಕಕ್ಕೆ ತೆಗೆದಿಡ್ತಾರೆ.