ಹಾಲು ಬ್ರೆಡ್ಡಿನಂಥ ಮನುಷ್ಯ

ಕೇಳುಗರಿಗೆ ನಮಸ್ಕಾರ.

ಜ್ವರ ಬಂದಾಗ ನಿಮ್ಮ ಮನೆಯಲ್ಲಿ ಏನು ಕೊಡುತ್ತಿದ್ದರು? ನಮ್ಮಲ್ಲಿ ಗಂಜಿ, ಇಲ್ಲದಿದ್ದರೆ ಬಿಸಿ ಹಾಲಿನಲ್ಲಿ ಅದ್ದಿದ ಬ್ರೆಡ್ಡು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಂತೂ ಇಲ್ಲವೇ ಇಲ್ಲ. ಅಗಿಯುವ ಕೆಲಸವೂ ಇಲ್ಲ, ಸುಮ್ನೆ ನುಂಗಿದರಾಯಿತು. ಅಮೆರಿಕದಲ್ಲೂ ಕಾಯಿಲೆಯವರಿಗೆ ಇಂಥದ್ದೇ ಪಥ್ಯವಿತ್ತು. ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಬಿಸಿ ಹಾಲು ಸುರಿಯುತ್ತಿದ್ದರು. ಅದೇ ಮಿಲ್ಕ್ ಟೋಸ್ಟ್.

ಈ ಸಪ್ಪೆ ತಿಂಡಿ ಇಂಗ್ಲಿಷಿನಲ್ಲಿ ಬೈಗುಳವಾಗಿಬಿಟ್ಟಿತು. ಬೈಗುಳ ಅನ್ನುವಷ್ಟು ಖಾರ ಅದಕ್ಕೆಲ್ಲಿಂದ ಬರಬೇಕು, ಗೇಲಿ ಅನ್ನಿ. 1924ರಲ್ಲಿ ಎಚ್. ಟಿ. ವೆಬ್‌ಸ್ಟರ್ ಎಂಬ ವ್ಯಂಗ್ಯಚಿತ್ರಕಾರರು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಒಬ್ಬ ಪುಕ್ಕಲನ ಚಿತ್ರ ಬರೆಯತೊಡಗಿದರು. ಹೆಸರು ಕ್ಯಾಸ್ಪರ್ ಮಿಲ್ಕ್‌ಟೋಸ್ಟ್. ಬರೆಯುವಾಗ ಮಾತ್ರ ಮಿಲ್ಕಿನ ಕೊನೆಯ ‘ಕೆ’ ಅಕ್ಷರ ತೆಗೆದು ‘ಕ್ಯು, ಯು, ಇ’ ಹಾಕಿದರು. ನೋಡೋಕೆ ಫ್ರೆಂಚ್ ಮನೆತನದ ಗತ್ತು, ಓದಿದರೆ ಅದೇ ಹಾಲು ಬ್ರೆಡ್ಡು!

ಒಂದು ಚಿತ್ರವಂತೂ ನನಗೆ ಬಹಳ ಇಷ್ಟ. ಜೋರು ಮಳೆ. ರಸ್ತೆ ಮೂಲೆಯಲ್ಲಿ ಕ್ಯಾಸ್ಪರ್ ಒಬ್ಬನೇ ನಿಂತಿದ್ದಾನೆ, ಟೋಪಿಯೆಲ್ಲ ತೊಯ್ದು ಜೋತುಬಿದ್ದಿದೆ. ಇನ್ನೊಂದು ಗಂಟೆ ನೋಡ್ತೀನಿ, ಆಗಲೂ ಬರದಿದ್ದರೆ ಆ ನೂರು ಡಾಲರ್ ಸಾಲ ಬೇರೆ ಯಾರ ಹತ್ತಿರವಾದರೂ ಕೇಳಿಕೊಳ್ಳಲಿ ಅಂತಾನೆ. ಗಮನಿಸಿದಿರಾ, ಸಾಲ ಕೊಡುವವನು ಇವನು!

ಮೆಲ್ಲಗೆ ಮಾತಾಡಿ, ಕೈಯಲ್ಲಿ ದೊಡ್ಡ ದೊಣ್ಣೆ ಇರಲಿ ಎನ್ನುವುದು ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟರ ಹೆಸರಾಂತ ಮಾತು. ನಮ್ಮ ಕ್ಯಾಸ್ಪರ್ ಮೆಲ್ಲಗೆ ಮಾತಾಡಿ ದೊಣ್ಣೆ ಏಟು ತಿನ್ನುವವನು ಅಂತ ವೆಬ್‌ಸ್ಟರ್ ಹೇಳುತ್ತಿದ್ದರು. ಅವರು 1952ರಲ್ಲಿ ತೀರಿಕೊಂಡರು. ಕ್ಯಾಸ್ಪರನ ‘ಮಿಲ್ಕ್‌ಟೋಸ್ಟ್’ ಎಂಬ ಹೆಸರು ಮಾತ್ರ ಪುಕ್ಕಲರನ್ನು ಕರೆಯುವ ಪದವಾಗಿ ನಿಘಂಟು ಸೇರಿ ಕೂತಿದೆ.

ಅಂದಹಾಗೆ, ಹಾಲಿಗೂ ಹೆದರಿಕೆಗೂ ಇಂಗ್ಲಿಷಿನಲ್ಲಿ ಗಂಟು ಹಾಕಿದ್ದು ಇದೇ ಮೊದಲಲ್ಲ. ಆರು ನೂರು ವರ್ಷದ ಹಿಂದೆ, ಚಾಸರ್ ಕವಿಯ ಕಾಲಕ್ಕೇ, ಹೇಡಿಗೆ ‘ಮಿಲ್ಕ್‌ಸಾಪ್’ ಅನ್ನುತ್ತಿದ್ದರು. ಅದೂ ಹಾಲಲ್ಲಿ ನೆನೆದ ಬ್ರೆಡ್ಡಿನ ತುಂಡೇ.

ಕನ್ನಡದಲ್ಲಿ ಕ್ಯಾಸ್ಪರನನ್ನು ಏನೆಂದು ಕರೆಯೋಣ? ಹೇಡಿ ಅನ್ನೋಕೆ ಮನಸ್ಸಾಗದು. ಅಂಜುಬುರುಕ ಸರಿ, ಆದರೆ ಸಾಲದು. ‘ಬಾಯಿ ಸತ್ತವನು’ ಅಂದರೆ ಅವನಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಅದರಲ್ಲಿ ಗೇಲಿಗಿಂತ ಅಯ್ಯೋ ಪಾಪ ಜಾಸ್ತಿ, ಅಲ್ವಾ?

ನನಗೆ ಅವನ ಮೇಲೆ ಕನಿಕರ ಬರೋಕೆ ಕಾರಣವೂ ಇದೆ. ಮೊನ್ನೆ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟರು. ಸ್ಟಾಪ್ ಬಂತು. ರಶ್ಶಿನಲ್ಲಿ ಅವರನ್ನು ಕೂಗಿ ಕೇಳೋಕೆ ಸಂಕೋಚ. ಇಳಿದುಬಿಟ್ಟೆ. ಎಂಬತ್ತೈದು ರೂಪಾಯಿ ಚಿಲ್ಲರೆ ಬರೆದ ಆ ಟಿಕೆಟ್ಟು ಇನ್ನೂ ಜೇಬಿನಲ್ಲೇ ಇದೆ.